ಗಗನಚುಂಬಿಯ ಉಕ್ಕಿಗೆ ಬೆಟ್ಟದ ಲೆಕ್ಕ

ಬಹುಮಹಡಿ ವಸತಿ ಕಟ್ಟಡಗಳನ್ನು ಉಕ್ಕಿನ ಹಂದರದಲ್ಲಿ ಕಟ್ಟುವುದೇ ಪರಿಸರಸ್ನೇಹಿ ಮಾರ್ಗವೆಂಬ ಪ್ರಚಾರ ಕೇಳಿಬರುತ್ತಿದೆ. ನದಿಯ ಮರಳು ಉಳಿಯುತ್ತದೆ, ಕೆಲಸ ಬೇಗ ಮುಗಿಯುತ್ತದೆ, ಕಟ್ಟಡ ಹಳೆಯದಾದಾಗ ಉಕ್ಕನ್ನು ಕರಗಿಸಿ ಮತ್ತೆ ಬಳಸಬಹುದು ಎಂಬುದು ಅದರ ಪರವಾದ ವಾದ. ಈ ಮಾತುಗಳಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಈ ಲೆಕ್ಕ ಆರಂಭವಾಗುವುದು ಲಾರಿ ನಿವೇಶನಕ್ಕೆ ಬಂದು ನಿಂತ ಮೇಲೆ. ಲಾರಿಯ ಹಿಂದೆ ಕುಲುಮೆಯಿದೆ, ಕುಲುಮೆಯ ಹಿಂದೆ ಬೆಟ್ಟವಿದೆ. ಆ ಪುಟಗಳನ್ನು ಹರಿದುಹಾಕಿದ ಲೆಕ್ಕವನ್ನು ಮಲೆನಾಡು ಒಪ್ಪಲಾರದು.

ಊದುಕುಲುಮೆಯಲ್ಲಿ ಒಂದು ಟನ್ ಉಕ್ಕು ತಯಾರಾಗಲು ಸುಮಾರು 1.6 ಟನ್ ಉತ್ತಮ ಅದಿರು ಬೇಕು; ಜೊತೆಗೆ ಕಲ್ಲಿದ್ದಲು ಬೇಕು. ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅದಿರು ಬಡವಾದಷ್ಟೂ ಅಗೆಯುವ ಮಣ್ಣು ಹೆಚ್ಚು. ಕುದುರೆಮುಖದಲ್ಲಿ ನಡೆದದ್ದು ಅದೇ. ಅಲ್ಲಿನ ಬಡ ಅದಿರನ್ನು ಪುಡಿಮಾಡಿ, ಕಬ್ಬಿಣಾಂಶವನ್ನು ಬೇರ್ಪಡಿಸಿ, ಉಳಿದ ಕೆಸರನ್ನು ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬಲಾಯಿತು. ಸಾಂದ್ರ ಅದಿರು ಕೊಳವೆಯಲ್ಲಿ ಮಂಗಳೂರಿಗಿಳಿದು ಹಡಗನ್ನೇರಿತು. ಹೂಳು ಭದ್ರೆಯ ಪಾಲಾಯಿತು. 2002ರ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಲಕ್ಯಾದ ಕೆಸರು ಮಾತ್ರ ಇಂದಿಗೂ ಅಲ್ಲಿಯೇ ಇದೆ.

ಹಾಗೆಂದು ಉಕ್ಕೇ ಬೇಡವೆನ್ನುವುದು ಆತ್ಮವಂಚನೆ. ರೈತನ ಕತ್ತಿ, ಗುದ್ದಲಿಗಳೂ ಅದೇ ಅದಿರಿನ ಮಕ್ಕಳು. ಕಾಂಕ್ರೀಟ್ ಕಟ್ಟಡವೂ ಕಂಬಿಯಿಲ್ಲದೆ ನಿಲ್ಲದು. ಪ್ರಶ್ನೆ ಇರುವುದು ಎಷ್ಟು ಉಕ್ಕು, ಯಾವುದಕ್ಕೆ ಎಂಬಲ್ಲಿ.

ಕಟ್ಟಡ ಎತ್ತರವಾದಂತೆ ಅದು ತನ್ನ ಭಾರವನ್ನಷ್ಟೇ ಹೊತ್ತರೆ ಸಾಲದು. ಗಾಳಿಯ ಹೊಡೆತಕ್ಕೆ ಓಲಾಡದಂತೆಯೂ ನಿಲ್ಲಬೇಕು. ಆದ್ದರಿಂದ ಪ್ರತಿ ಚದರ ಮೀಟರಿಗೆ ಬೇಕಾಗುವ ಉಕ್ಕು ಎತ್ತರದೊಡನೆ ಏರುತ್ತಲೇ ಹೋಗುತ್ತದೆ. ಇದು ಎತ್ತರಕ್ಕೆ ತೆರಬೇಕಾದ ಹೆಚ್ಚುವರಿ ಬೆಲೆ ಎಂದು ಢಾಕಾ ಮೂಲದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್ ಸ್ಪಷ್ಟಪಡಿಸಿದ್ದರು. ಅವರು ರೂಪಿಸಿದ ಷಿಕಾಗೋದ ಜಾನ್ ಹ್ಯಾಂಕಾಕ್ ಕಟ್ಟಡದ 100 ಮಹಡಿಗಳಲ್ಲಿ ಸುಮಾರು ಅರ್ಧದಷ್ಟು ವಸತಿಗೆ ಮೀಸಲು. ಹೊರಮೈಗೆ ಬೃಹತ್ ಓರೆ ತೊಲೆಗಳನ್ನು ಕೊಟ್ಟು ಅವರು ಉಕ್ಕಿನ ಬಳಕೆಯನ್ನು ಚದರ ಮೀಟರಿಗೆ ಸುಮಾರು 145 ಕಿಲೋಗ್ರಾಂಗೆ ಇಳಿಸಿದರು. 1931ರ ಎಂಪೈರ್ ಸ್ಟೇಟ್ ಕಟ್ಟಡದಲ್ಲಿ ಅದು ಸುಮಾರು 206 ಇತ್ತು. ನಕ್ಷೆಯ ಮೇಲಿನ ಗೆರೆಗೂ ಬೆಟ್ಟದ ಮೇಲಿನ ಗಣಿಗೂ ಇರುವ ಸಂಬಂಧಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅಷ್ಟೇ ಜನರಿಗೆ ನಾಲ್ಕೈದು ಮಹಡಿಗಳಲ್ಲಿ ಮನೆ ಕಟ್ಟಬಹುದಾದಲ್ಲಿ ಆಕಾಶಕ್ಕೇರುವುದು ಅಗತ್ಯವಲ್ಲ, ಪ್ರತಿಷ್ಠೆ.

ಮರಳಿನ ಮಾತೂ ಅರ್ಧಸತ್ಯವೇ. ಉಕ್ಕಿನ ಕಟ್ಟಡಕ್ಕೂ ಅಡಿಪಾಯ ಕಾಂಕ್ರೀಟಿನದು, ನೆಲಹಾಸಿನ ಹಲಗೆಗಳು ಸಾಮಾನ್ಯವಾಗಿ ಕಾಂಕ್ರೀಟಿನವು. ಉಕ್ಕು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುವುದರಿಂದ ಅದಕ್ಕೆ ಬೆಂಕಿ ತಡೆಯುವ ಹೊದಿಕೆಯೂ ಬೇಕು. ಇನ್ನು ಮರುಬಳಕೆ: ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಅದಿರೂ ಇಂಧನವೂ ನಿಜವಾಗಿ ಉಳಿಯುತ್ತವೆ. ಆದರೆ ಇಂದು ನಿಲ್ಲಿಸಿದ ತೊಲೆ ಗುಜರಿಗೆ ಬರುವುದು ಮೊಮ್ಮಕ್ಕಳ ಕಾಲಕ್ಕೆ; ಬೆಟ್ಟ ಅಗೆಯುವುದು ಇಂದೇ.

ಆದುದರಿಂದ ಬಹುಮಹಡಿ ಕಟ್ಟಡದ ಅನುಮತಿಗೆ ಮೂರು ಷರತ್ತುಗಳಿರಲಿ. ಚದರ ಮೀಟರಿಗೆ ಎಷ್ಟು ಉಕ್ಕು, ಅದರಲ್ಲಿ ಗುಜರಿಯ ಪಾಲೆಷ್ಟು, ಉಳಿದದ್ದು ಯಾವ ಗಣಿಯದು ಎಂಬುದನ್ನು ನಕ್ಷೆಯೊಡನೆ ಬಹಿರಂಗಪಡಿಸಬೇಕು. ತೊಲೆಗಳನ್ನು ಮುಂದೆ ಬಿಚ್ಚಿ ಹಾಗೆಯೇ ಬಳಸುವಂತೆ ಬೋಲ್ಟ್ ಹಾಕಿ ಜೋಡಿಸಬೇಕು. ಅಷ್ಟು ಎತ್ತರ ಏಕೆ ಬೇಕೆಂಬುದಕ್ಕೆ ಸಮರ್ಥನೆ ಕೊಡಬೇಕು.

ಮಲೆನಾಡಿನ ಮಕ್ಕಳು ಅನೇಕರು ಇಂದು ಬೆಂಗಳೂರಿನ ಬಹುಮಹಡಿ ಮನೆಗಳಲ್ಲಿದ್ದಾರೆ. ಕೆಲವರು ಅವುಗಳ ನಕ್ಷೆ ಬರೆಯುವುದನ್ನೇ ಕಲಿಯುತ್ತಿದ್ದಾರೆ. ಗಣಿ ಕಂಡ ಊರಿನಿಂದ ಹೋದವರು ಈ ಮೂರು ಪ್ರಶ್ನೆಗಳನ್ನು ತರಗತಿಯಲ್ಲಿಯೂ ಕಚೇರಿಯಲ್ಲಿಯೂ ಕೇಳಲಿ. ಅವರೇ ಕೇಳದಿದ್ದರೆ ಬೇರೆ ಯಾರೂ ಕೇಳುವುದಿಲ್ಲ.