ಗಲ್ಲಾಕ್ಕೆ ಕೈಹಾಕಿದರೆ ಜೈಲು, ಸಂಬಳಕ್ಕೆ ಕೈಹಾಕಿದರೆ ದಂಡ

ಡೊಂಬಿವಲಿಯ ಹೋಟೆಲ್ ಮಾಣಿ ಗಲ್ಲಾದಿಂದ ಹಣ ಕದ್ದರೆ ಪೊಲೀಸ್ ಕೇಸು. ಧಣಿಯ ಸೊತ್ತು ಕದ್ದ ಕೆಲಸದವನಿಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 7 ವರ್ಷದವರೆಗೆ ಜೈಲಿದೆ. ಅದೇ ಮಾಣಿಯ ಕನಿಷ್ಠ ವೇತನದಲ್ಲಿ ಧಣಿ ತಿಂಗಳು ತಿಂಗಳೂ ಮುರಿದುಕೊಂಡರೆ? 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ ಮೊದಲ ಸಲಕ್ಕೆ ಹೆಚ್ಚೆಂದರೆ 50 ಸಾವಿರ ರೂಪಾಯಿ ದಂಡ. ಅಷ್ಟೇ.

1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ದಂಡ ಬರೀ 500 ರೂಪಾಯಿ, ನಿಜ. ಆದರೆ ಮೊದಲ ತಪ್ಪಿಗೇ 6 ತಿಂಗಳವರೆಗೆ ಜೈಲಿಗೆ ಕಳಿಸುವ ಅಧಿಕಾರವಿತ್ತು. ದಂಡ ನೂರು ಪಟ್ಟು ಏರಿತೆಂದು ಹಿಗ್ಗುವವರು ಮುಂದಿನ ಕಲಮುಗಳನ್ನೂ ಓದಲಿ. ಮೊದಲ ಸಲ ಸಿಕ್ಕಿಬಿದ್ದವನು ಗರಿಷ್ಠ ದಂಡದ ಅರ್ಧ, 25 ಸಾವಿರ, ಕಟ್ಟಿ ರಾಜಿ ಮಾಡಿಕೊಳ್ಳಬಹುದು. ಆಗ ಅವನು ಅಪರಾಧಿಯೇ ಅಲ್ಲ. 3 ತಿಂಗಳವರೆಗಿನ ಜೈಲು ಹಿಂದೆ ಶಿಕ್ಷೆಯಾದವನು 5 ವರ್ಷದೊಳಗೆ ಮತ್ತೆ ಸಿಕ್ಕರೆ ಮಾತ್ರ. ಹೀಗೆ ರಾಜಿಯಾದವನ ಮಟ್ಟಿಗೆ ಜೈಲಿನ ಮಾತು ಬರುವುದೇ ಮೂರನೆಯ ಸಲ; ಆಗಲೂ ದಂಡದಲ್ಲೇ ಮುಗಿಯಬಹುದು. ನವಿಮುಂಬಯಿಯ ಗುತ್ತಿಗೆದಾರನೊಬ್ಬ 20 ಕಾವಲುಗಾರರಿಂದ ತಿಂಗಳಿಗೆ ತಲಾ 2 ಸಾವಿರ ಹಿಡಿದನೆನ್ನಿ. ರಾಜಿಯ ಹಣ ಮೂರು ವಾರದೊಳಗೆ ಹುಟ್ಟುತ್ತದೆ!

ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೇಳಬಹುದಲ್ಲ ಎನ್ನುತ್ತಾರೆ. ಕೇಳಲಿ, ಯಾವ ಪುರಾವೆಯಿಂದ? ಪೂರ್ತಿ ಸಂಬಳ ಬ್ಯಾಂಕಿಗೆ ಹಾಕಿ, ಮರುದಿನ ಒಂದು ಪಾಲನ್ನು ನಗದಾಗಿ ವಾಪಸ್ ಪಡೆಯುವ ಪದ್ಧತಿ ಗುತ್ತಿಗೆ ಕೆಲಸ ಬಲ್ಲವರಿಗೆ ಹೊಸದಲ್ಲ. ಕಾಗದದಲ್ಲಿ ಎಲ್ಲವೂ ಸರಿ. ಇದನ್ನು ಬಯಲಿಗೆಳೆಯಲು ಅಪರಾಧ ತನಿಖೆಯೇ ಬೇಕು; ಕಸ ಗುಡಿಸುವವಳು ರಜೆ ಹಾಕಿ ಅರ್ಜಿ ಹಿಡಿದು ಅಲೆದರೆ ಆಗುವ ಕೆಲಸವಲ್ಲ.

ಜೈಲಿನ ಹೆದರಿಕೆ ಇನ್‌ಸ್ಪೆಕ್ಟರುಗಳ ಹಫ್ತಾಕ್ಕೆ ದಾರಿ ಎಂಬ ಆಕ್ಷೇಪ ಸುಳ್ಳಲ್ಲ. ಹಫ್ತಾ ತಿನ್ನುವವನನ್ನು ಹಿಡಿಯಿರಿ. ಅದಕ್ಕಾಗಿ ಸಂಬಳ ತಿನ್ನುವವನನ್ನು ಬಿಡುವುದೇಕೆ? ಸಣ್ಣ ಹೋಟೆಲು ಮುಚ್ಚೀತು ಎಂಬ ಅಳಲಿಗೆ ಸುಪ್ರೀಂ ಕೋರ್ಟು 1950ರ ದಶಕದಲ್ಲೇ ಉತ್ತರಿಸಿದೆ: ಕನಿಷ್ಠ ಕೂಲಿ ಕೊಡಲಾಗದ ಉದ್ಯಮಕ್ಕೆ ಉಳಿಯುವ ಹಕ್ಕಿಲ್ಲ. 1982ರ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಅದಕ್ಕಿಂತ ಕಡಿಮೆ ಕೂಲಿಯ ದುಡಿಮೆಯನ್ನು ಬಲವಂತದ ದುಡಿಮೆ ಎಂದಿತು.

ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯದು, ರಾಜ್ಯಗಳೂ ಕಾನೂನು ತರಬಹುದು. ದೆಹಲಿ 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆಯೊಂದಿಗೆ ಹಳೆಯ ಕಾಯ್ದೆ ತಿದ್ದಿ 3 ವರ್ಷದವರೆಗಿನ ಜೈಲು ತಂದಿತ್ತು. ಮಹಾರಾಷ್ಟ್ರವೂ ಆ ದಾರಿ ಹಿಡಿಯಬಹುದು: ಬೇಕೆಂದೇ ವೇತನ ಕದ್ದವನಿಗೆ ರಾಜಿಯಿಲ್ಲ, ಮೊದಲ ಸಲವೇ ಜೈಲು. ಹೋಟೆಲ್ ಹುಡುಗರಿಗೆಂದು ರಾತ್ರಿಶಾಲೆ ನಡೆಸಿದವರು ಮುಂಬಯಿ ಕನ್ನಡಿಗರು. ಥಾಣೆ, ಕಲ್ಯಾಣ, ಡೊಂಬಿವಲಿಯ ನಮ್ಮ ಸಂಘಗಳು ಈ ತಿದ್ದುಪಡಿಯನ್ನು ಬಾಯಿಬಿಟ್ಟು ಕೇಳಲಿ, ವೇದಿಕೆಯ ಮುಂದಿನ ಸಾಲಿನಲ್ಲಿ ಹೋಟೆಲ್ ಧಣಿಗಳೇ ಕೂತಿದ್ದರೂ.