ಫೋನ್ ಸಿಕ್ಕಿತು, ಕಳ್ಳ ಸಿಗಲಿಲ್ಲ

ಈ ಸಲ ನಮ್ಮ ಸೊಸೈಟಿಯ ಟ್ಯಾಂಕರ್ ನೀರಿನ ಜಗಳದ ಬಗ್ಗೆ ಬರೆಯುತ್ತೇನೆ ಎಂದು ಹೋದ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆ. ಅದು ಎಲ್ಲಿಗೂ ಹೋಗುವುದಿಲ್ಲ, ಮುಂದಿನ ತಿಂಗಳೂ ಇದ್ದೇ ಇರುತ್ತದೆ. ಈ ತಿಂಗಳು ಫೋನಿನ ಕತೆ ಹೇಳಿಬಿಡುತ್ತೇನೆ. ಜೂನ್‌ನಲ್ಲಿ ಕಳುವಾಯಿತು, ಆಗಸ್ಟ್ ಕೊನೆಗೆ ವಾಪಸ್ ಬಂತು. ನಡುವೆ ನಾನೊಂದು ತಪ್ಪು ಮಾಡಿದೆ. ತಪ್ಪೋ ಅಲ್ಲವೋ ಇನ್ನೂ ಗೊತ್ತಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪಾಲಖಿ ಪುಣೆಗೆ ಬಂದ ವಾರ. ಬೈಕ್ ಸರ್ವಿಸಿಂಗಿಗೆ ಹೋಗಿತ್ತು. ಪೇಟೆಯಲ್ಲಿ ಕೆಲಸ ಮುಗಿಸಿ ಸಂಜೆ ಮನಪಾದಿಂದ ಹಿಂಜವಡಿ ಬಸ್ ಹತ್ತಿದೆ. ಕೆಲವು ರಸ್ತೆ ಬಂದ್, ಮೇಲೆ ಮಳೆ, ಒಳಗೆ ಕಾಲಿಡಲು ಜಾಗವಿಲ್ಲ. ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈ ಮೇಲಿನ ಕಂಬಿಗೆ. ಶರ್ಟಿನ ಜೇಬಿನಲ್ಲಿ ಫೋನ್. ವಾಕಡದಲ್ಲಿ ಇಳಿದು, ಆಟೋ ಹಿಡಿದು, ಮನೆ ಮುಂದೆ ದುಡ್ಡು ಕೊಡಲು ಜೇಬು ಮುಟ್ಟಿಕೊಂಡರೆ ಖಾಲಿ.

ಆಟೋದವನು ಒಳ್ಳೆಯವನು, ತನ್ನ ಫೋನ್ ಕೊಟ್ಟ. ಯಾರಿಗೆ ಮಾಡಲಿ? ನನಗೆ ಬಾಯಿಪಾಠ ಇರುವುದು ಎರಡೇ ನಂಬರು. ಒಂದು ನನ್ನದು. ಇನ್ನೊಂದು ಧಾರವಾಡದ ನಮ್ಮ ಮನೆಯ ಲ್ಯಾಂಡ್‌ಲೈನ್, ಅದನ್ನು ತೆಗೆಸಿ ಹತ್ತು ವರ್ಷ ಆಯಿತು. ಹೆಂಡತಿಯ ನಂಬರು ಗೊತ್ತಿಲ್ಲ! ನನ್ನದಕ್ಕೇ ಮಾಡಿದೆ. ಎರಡು ಸಲ ರಿಂಗ್ ಆಯಿತು, ಕಟ್ ಆಯಿತು, ಆಮೇಲೆ ಸ್ವಿಚ್ ಆಫ್. ಮೇಲೆ ಹೋಗಿ ಹೆಂಡತಿಯಿಂದ ಎಂಬತ್ತು ರೂಪಾಯಿ ಇಸಿದುಕೊಂಡು ಬಂದೆ. ಹಗಲೆಲ್ಲ ಬ್ಯಾಂಕುಗಳ ಸಾಫ್ಟ್‌ವೇರ್ ಭದ್ರತೆ ನೋಡುವ ಕೆಲಸ ನನ್ನದು. ಅವತ್ತು ರಾತ್ರಿ ನನ್ನ ಬೆವರು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

ಮೊದಲ ಒಂದು ತಾಸಿನ ಕೆಲಸ ಎಲ್ಲರಿಗೂ ಗೊತ್ತಿರಬೇಕು. ಸಿಮ್ ಬಂದ್ ಮಾಡಿಸಬೇಕು, ಯಾಕೆಂದರೆ ಬ್ಯಾಂಕಿನ ಒಟಿಪಿ ಎಲ್ಲ ಬರುವುದು ಅದಕ್ಕೇ. ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಬೇಕು. ಇನ್ನೊಂದು ಫೋನಿನಿಂದ ಗೂಗಲ್ ಖಾತೆಗೆ ಹೋಗಿ ಕಳೆದ ಫೋನನ್ನು ಲಾಕ್ ಮಾಡಬೇಕು. ದುಡ್ಡೇನಾದರೂ ಹೋಗಿದ್ದರೆ 1930ಕ್ಕೆ ಕರೆ ಮಾಡಬೇಕು. ನನ್ನ ದುಡ್ಡು ಹೋಗಿರಲಿಲ್ಲ. ಫೋಟೋಗಳೂ ಗೂಗಲ್‌ನಲ್ಲಿದ್ದವು. ಇರದೇ ಇದ್ದದ್ದು ಒಂದೇ: ಹೋದ ದಸರೆಯಲ್ಲಿ ಅಮ್ಮ ಹಾಡಿದ ಸೋಬಾನೆ ಪದಗಳು. ಫೋನಿನ ರೆಕಾರ್ಡರ್‌ನಲ್ಲಿ ತುಂಬಿಕೊಂಡಿದ್ದೆ. ಅದು ಬ್ಯಾಕಪ್ ಆಗುವುದಿಲ್ಲ ಎಂಬುದು ಅವತ್ತೇ ತಿಳಿದದ್ದು.

ಸಿಟ್ಟು ಬಂದದ್ದು ಆಗ. ಮ್ಯಾಪಿನಲ್ಲಿ ಫೋನಿನ ಕೊನೆಯ ಜಾಗ ಪುಣೆ ಸ್ಟೇಷನ್ ಹತ್ತಿರ ಎಂದು ತೋರಿಸುತ್ತಿತ್ತು. ಮರುದಿನ ಬೆಳಿಗ್ಗೆ ಸಹೋದ್ಯೋಗಿಯೊಬ್ಬನನ್ನು ಕಟ್ಟಿಕೊಂಡು ಹೋದೆ. ಸಿನಿಮಾದಲ್ಲಿ ಚುಕ್ಕೆ ಇದ್ದಲ್ಲಿ ಕಳ್ಳ ಇರುತ್ತಾನೆ. ನಿಜದಲ್ಲಿ ಚುಕ್ಕೆಯ ಸುತ್ತ ಒಂದು ತೆಳು ವೃತ್ತ ಇರುತ್ತದೆ. ‘ಈ ವೃತ್ತದೊಳಗೆ ಎಲ್ಲೋ ಇತ್ತು’ ಎಂದು ಅದರ ಅರ್ಥ. ನಮ್ಮ ವೃತ್ತದೊಳಗೆ ಎರಡು ಲಾಡ್ಜು, ಒಂದು ಖಾನಾವಳಿ, ಸಾಲಾಗಿ ಮೊಬೈಲ್ ರಿಪೇರಿ ಅಂಗಡಿಗಳು, ಮೇಲೆ ಮೂರು ಮೂರು ಮಹಡಿ. ಯಾವ ಬಾಗಿಲು ಬಡಿಯುವುದು? ಒಂದು ಪ್ಲೇಟ್ ಪೋಹೆ ತಿಂದು ವಾಪಸ್ ಬಂದೆವು. ಈಗ ಯೋಚಿಸಿದರೆ ಹೋದದ್ದೇ ಮೂರ್ಖತನ. ನಿಜವಾಗಿ ಯಾರಾದರೂ ಎದುರಾಗಿದ್ದರೆ ನಮ್ಮಿಬ್ಬರ ಕೈಯಲ್ಲಿ ಇದ್ದದ್ದು ಒಂದು ಛತ್ರಿ.

ಠಾಣೆಯಲ್ಲಿ ಮೊದಲು ‘ಗಹಾಳ’ ಎಂದು ಬರೆಯಿರಿ ಎಂದರು. ಮರಾಠಿಯಲ್ಲಿ ಗಹಾಳ ಅಂದರೆ ಕಳೆದುಹೋದದ್ದು. ಕಳೆದುಹೋದರೆ ಯಾರ ತಪ್ಪೂ ಇಲ್ಲ, ತನಿಖೆಯೂ ಇಲ್ಲ. ಕಳುವಾಗಿದೆ ಎಂದರೆ ಎಫ್‌ಐಆರ್ ಆಗಬೇಕು, ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ, ಹಳೆಯ ಐಪಿಸಿಯ 379. ಎರಡು ದಿನ ಅಲೆದ ಮೇಲೆ ಕಳವು ಎಂದೇ ಬರೆದುಕೊಂಡರು. ನೀವು ಯಾವ ಊರಲ್ಲಿದ್ದರೂ ಈ ಒಂದು ಶಬ್ದದ ಬಗ್ಗೆ ಎಚ್ಚರ ಇರಲಿ.

ಆಮೇಲೆ ಸಿಇಐಆರ್. ಕೇಂದ್ರ ದೂರಸಂಪರ್ಕ ಇಲಾಖೆಯ ವ್ಯವಸ್ಥೆ. 2019ರಲ್ಲಿ ಪ್ರಾಯೋಗಿಕವಾಗಿ ಮುಂಬಯಿಯಲ್ಲಿ ಶುರುವಾಯಿತು, 2023ರ ಮೇನಲ್ಲಿ ಸಂಚಾರ್ ಸಾಥಿ ಹೆಸರಿನಲ್ಲಿ ಇಡೀ ದೇಶಕ್ಕೆ ಬಂತು. ಪ್ರತಿ ಫೋನಿಗೂ 15 ಅಂಕಿಗಳ ಐಎಂಇಐ ಸಂಖ್ಯೆ ಇರುತ್ತದೆ, ಎರಡು ಸಿಮ್ಮಿನದಾದರೆ ಎರಡು ಸಂಖ್ಯೆ. *#06# ಒತ್ತಿದರೆ ಕಾಣುತ್ತದೆ, ಡಬ್ಬಿಯ ಮೇಲೂ ಇರುತ್ತದೆ. ಆ ಸಂಖ್ಯೆ, ಪೊಲೀಸ್ ದೂರಿನ ಪ್ರತಿ, ಬಿಲ್ಲು, ಗುರುತಿನ ಚೀಟಿ ಕೊಟ್ಟರೆ ಆ ಫೋನನ್ನು ದೇಶದ ಎಲ್ಲ ಕಂಪನಿಗಳ ನೆಟ್‌ವರ್ಕ್‌ನಲ್ಲೂ ತಡೆಯುತ್ತಾರೆ. ಯಾರಾದರೂ ಅದಕ್ಕೆ ಸಿಮ್ ಹಾಕಿದರೆ ಪೊಲೀಸರಿಗೆ ಸುದ್ದಿ ಹೋಗುತ್ತದೆ. ಡಬ್ಬಿಗಳನ್ನು ಅಟ್ಟದ ಮೇಲೆ ಗುಡ್ಡೆ ಹಾಕುವ ನನ್ನ ಚಟವನ್ನು ಹೆಂಡತಿ ಮೊದಲ ಬಾರಿ ಕ್ಷಮಿಸಿದಳು.

ಎರಡು ತಿಂಗಳು ಸುದ್ದಿಯಿಲ್ಲ. ಹೊಸ ಫೋನ್ ಕೊಂಡೆ, ಹಳೆಯದರ ಇಎಂಐ ಕೂಡ ಕಟ್ಟುತ್ತಲೇ ಇದ್ದೆ. ಆಗಸ್ಟ್ ಕೊನೆಗೆ ಠಾಣೆಯಿಂದ ಕರೆ. “ಫೋನ್ ಸಿಕ್ಕಿದೆ, ಬನ್ನಿ. ಇಟ್ಟುಕೊಂಡವನೂ ಇಲ್ಲೇ ಇದ್ದಾನೆ. ಹೆದರಿಕೆಗೆ ಅವನ ಹಿಂದಿಯೂ ನಿಂತುಹೋಗಿದೆ. ಕಾನಡಿಯಲ್ಲಿ ಏನೋ ಹೇಳುತ್ತಾನೆ. ನೀವು ಅದೇ ಕಡೆಯವರಲ್ಲವೇ?”

ದಾರಿಯುದ್ದಕ್ಕೂ ಹಿಂದಿಯಲ್ಲಿ ಬೈಗುಳ ಜೋಡಿಸಿಕೊಂಡು ಹೋಗಿದ್ದೆ. ಬೆಂಚಿನ ತುದಿಯಲ್ಲಿ ಕೂತಿದ್ದವನಿಗೆ ನನ್ನದೇ ವಯಸ್ಸು. ಕಾಲಿನ ಉಗುರಿನವರೆಗೂ ಸಿಮೆಂಟು. ಯಾದಗಿರಿ ಕಡೆಯವನು, ಗೌಂಡಿ ಕೆಲಸ. ನಮ್ಮ ವಾಕಡ, ಹಿಂಜವಡಿಯ ಕಟ್ಟಡಗಳನ್ನು ಕಟ್ಟುವವರಲ್ಲಿ ಕಲಬುರಗಿ, ಯಾದಗಿರಿಯ ಜನ ಎಷ್ಟಿದ್ದಾರೆ ಎಂದು ಇಲ್ಲಿರುವ ನಿಮಗೆ ನಾನು ಹೇಳಬೇಕಾಗಿಲ್ಲ. ನನ್ನ ಬಾಯಿಂದ ಕನ್ನಡ ಬಂದದ್ದೇ ಅವನು ಎದ್ದು ನಿಂತ.

“ಕದ್ದಿಲ್ರೀ ಸರಾ. ರೊಕ್ಕ ಕೊಟ್ಟ್ ತಗೊಂಡೀನಿ.”

ಮೂರೂವರೆ ಸಾವಿರ. ಕೂಲಿ ನಾಕಾದ ಹತ್ತಿರ ರವಿವಾರ ಬರುತ್ತಿದ್ದ ಒಬ್ಬ ಹುಡುಗ ಮಾರಿದ್ದನಂತೆ. ಮಕ್ಕಳಿಬ್ಬರು ಊರಲ್ಲಿ ಅಜ್ಜಿಯ ಹತ್ತಿರ ಇದ್ದಾರೆ. ಇವನ ಬಟನ್ ಫೋನಿನಲ್ಲಿ ಮಾತು ಕೇಳುತ್ತದೆ, ಮುಖ ಕಾಣುವುದಿಲ್ಲ. ತಂದು ಸಿಮ್ ಹಾಕಿದರೆ ಟವರ್ ಬರಲಿಲ್ಲ. ಹುಡುಗನನ್ನು ಹುಡುಕಿದರೆ ಅವನೂ ಮತ್ತೆ ಬರಲಿಲ್ಲ. ಜೊತೆಯವರ ಫೋನಿನಿಂದ ಹಾಟ್‌ಸ್ಪಾಟ್ ತಗೊಂಡು ಒಂದೆರಡು ಸಲ ಮಕ್ಕಳ ಮುಖ ನೋಡಿದ್ದನಂತೆ.

“ಬಿಲ್ ಕೇಳಲಿಲ್ಲೇನು?” ಅಂದೆ.

“ಬಿಲ್ ಅಂದ್ರ ಏನ್ರೀ?”

ಫೋನ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟೇಬಲ್ ಮೇಲಿತ್ತು. ನಾನು ಒಂಬತ್ತು ತಿಂಗಳು ಬಳಸಿಯೂ ಹಾಕಿಸದ ಗಾಜಿನ ಕವಚ ಹಾಕಿಸಿದ್ದ. ಹಿಂದೆ ಹೊಸ ಕವರ್. ಒಳಗೆ ನನ್ನದು ಎನ್ನುವುದು ಏನೂ ಉಳಿದಿರಲಿಲ್ಲ. ಎಲ್ಲ ಅಳಿಸಿ, ಲಾಕ್ ಮುರಿದು, ಹೊಸದರಂತೆ ಮಾಡಿ ಮಾರಿದ್ದರು. ಅಮ್ಮನ ಪದಗಳು ಹೋಗಿದ್ದವು.

ಹವಾಲ್ದಾರ್ ಹೇಳಿಕೆ ಬರೆದುಕೊಳ್ಳುತ್ತಿದ್ದರು. ಅವರು ಮರಾಠಿಯಲ್ಲಿ ಕೇಳುವುದು, ನಾನು ಕನ್ನಡಕ್ಕೆ ತರುವುದು, ಅವನ ಮಾತನ್ನು ಮತ್ತೆ ಮರಾಠಿಗೆ. ಹೆಸರು, ಊರು, ಗುತ್ತಿಗೆದಾರ ಯಾರು, ಎಲ್ಲ ಆಯಿತು. ಕೊನೆಗೆ ಕೇಳಿದರು: “ಇದು ಕದ್ದ ಮಾಲು ಎಂದು ಅವನಿಗೆ ಗೊತ್ತಿತ್ತೇ, ಕೇಳಿ.”

ಕೇಳಿದೆ. ಅವನು ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ ಅಂದ: “ಇಷ್ಟ್ ಚೊಲೋ ಫೋನು ಇಷ್ಟ್ ಕಡಿಮಿಗೆ ಕೊಡಾಕತ್ತಾನಂದ್ರ ಏನರ ಇರಬೇಕು ಅಂತ ಅನಿಸಿತ್ರೀ ಸರಾ. ಆದ್ರೂ ತಗೊಂಡೆ.”

ಕದ್ದ ಮಾಲನ್ನು ತೆಗೆದುಕೊಂಡವನು ಅಪರಾಧಿ ಆಗುವುದು ಅದು ಕದ್ದದ್ದೆಂದು ಗೊತ್ತಿದ್ದರೆ, ಇಲ್ಲವೇ ಹಾಗೆ ನಂಬಲು ಕಾರಣ ಇದ್ದರೆ. ಸಂಹಿತೆಯ 317ನೇ ಕಲಂ. ಎಫ್‌ಐಆರ್ ಗಲಾಟೆಯಲ್ಲಿ ನಾನು ಇದನ್ನೆಲ್ಲ ಓದಿಕೊಂಡಿದ್ದೆ. ಅವನು ಆಡಿದ ಮಾತಿನ ಬೆಲೆ ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹವಾಲ್ದಾರ್ ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದರು.

“ತ್ಯಾಲಾ ಮಾಹೀತ್ ನವ್ಹತಂ” ಅಂದೆ. ಅವನಿಗೆ ಗೊತ್ತಿರಲಿಲ್ಲ.

ಬರೆದುಕೊಂಡರು. ಅವನು ಹೆಬ್ಬೆಟ್ಟು ಒತ್ತಿದ. ಕರೆದಾಗ ಬರಬೇಕು ಎಂದು ಹೇಳಿ ಬಿಟ್ಟರು.

ನಾನು ಸುಳ್ಳು ಹೇಳಿದೆನೇ? ಗೊತ್ತಿರಲಿಲ್ಲ ಎಂಬುದು ಅಕ್ಷರಶಃ ನಿಜ, ಅವನಿಗೆ ಬರೀ ಅನುಮಾನ ಇತ್ತು. ಆದರೆ ಅವನು ನಂಬಿ ಹೇಳಿದ ಅರ್ಧ ಮಾತನ್ನು ನಾನು ನುಂಗಿದೆ. ಹವಾಲ್ದಾರ್ ಕೂಡ ನನ್ನನ್ನು ನಂಬಿದ್ದರು. ಫೋನ್ ಬೇರೆ ಯಾರದಾದರೂ ಆಗಿದ್ದರೆ, ಅದರ ಮಾಲೀಕರು ಪಕ್ಕದಲ್ಲಿ ಕೂತಿದ್ದರೆ, ಹಾಗೆ ನುಂಗುವ ಹಕ್ಕು ನನಗಿತ್ತೇ? ಅವನು ಬಿಹಾರದವನಾಗಿದ್ದರೆ ನುಂಗುತ್ತಿದ್ದೆನೇ? ಈ ಎರಡನೆಯ ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತಿದೆ. ಇನ್ನೊಂದು ಮಾತೂ ಇದೆ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ ಐವತ್ತು ರೂಪಾಯಿಗೆ ಸಾವಿರಾರು ರೂಪಾಯಿಯ ಸಾಫ್ಟ್‌ವೇರ್ ಸೀಡಿ ಕೊಳ್ಳುತ್ತಿದ್ದೆವು. ‘ಏನೋ ಇರಬೇಕು’ ಅಂತ ನಮಗೂ ಅನಿಸಿತ್ತು. ಯಾರೂ ಠಾಣೆಗೆ ಕರೆಯಲಿಲ್ಲ.

ಇಷ್ಟಕ್ಕೂ ಈ ಜಾಲದಲ್ಲಿ ಬಿದ್ದವನು ಯಾರು ನೋಡಿ. ಜೇಬಿಗೆ ಕೈ ಹಾಕಿದವನು ಆ ಫೋನಿಗೆ ತನ್ನ ಸಿಮ್ ಹಾಕಲೇ ಇಲ್ಲ. ಲಾಕ್ ಮುರಿದವನೂ ಹಾಕಲಿಲ್ಲ. ನಾಕಾದಲ್ಲಿ ಮಾರಿದ ಹುಡುಗನೂ ಹಾಕಲಿಲ್ಲ. ತನ್ನ ಆಧಾರ್ ಕೊಟ್ಟು, ತನ್ನ ಹೆಸರಿನಲ್ಲಿ ತಗೊಂಡ ಸಿಮ್ಮನ್ನು ಅದಕ್ಕೆ ಹಾಕಿದವನು ಒಬ್ಬನೇ, ದುಡ್ಡು ಕೊಟ್ಟು ಕೊಂಡವನು. ವ್ಯವಸ್ಥೆ ಚೆನ್ನಾಗಿಯೇ ಕೆಲಸ ಮಾಡಿತು, ಫೋನನ್ನು ಹುಡುಕಿಕೊಟ್ಟಿತು. ನಾನು ಮಾತ್ರ ಅದು ಕಳ್ಳನನ್ನು ಹುಡುಕುತ್ತದೆ ಎಂದುಕೊಂಡಿದ್ದೆ.

ಹೊರಗೆ ಬಂದು ಚಹಾ ಕುಡಿದೆವು. ಮೂರೂವರೆ ಸಾವಿರ ಕೊಟ್ಟುಬಿಡೋಣ ಅನಿಸಿತು. ನನ್ನ ಹತ್ತಿರ ನಗದು ಇರಲಿಲ್ಲ, ಇದ್ದದ್ದು ಯುಪಿಐ. ಅವನ ಹತ್ತಿರ ಈಗ ಬಟನ್ ಫೋನು. ಎಟಿಎಮ್ಮಿಗೆ ಹೋಗಿ ಬರುತ್ತೇನೆ ಅಂದರೆ, “ಬ್ಯಾಡ್ರೀ ಸರಾ, ಅರ್ಧಾ ದಿನದ ಪಗಾರ ಹೋಗೇತಿ, ಇನ್ನರ್ಧಾ ಉಳಿಸ್ಕೋತೀನಿ” ಎಂದು ಹೋಗಿಬಿಟ್ಟ. ನಂಬರು ಬರೆದುಕೊಂಡೆ.

ಮನೆಯಲ್ಲಿ ಹೆಂಡತಿ ಕೇಳಿದಳು: “ನಿಮ್ಮ ಹತ್ರ ಹೊಸಾದು ಅದ, ಇದನ್ನ ಅವಗ ಕೊಡಬಾರದೇನು?” ಸರಿ ಎಂದು ಸಿಇಐಆರ್‌ನಲ್ಲಿ ತಡೆ ತೆಗೆಸಿದೆ. ಬಿಲ್ಲಿನ ಝೆರಾಕ್ಸ್ ಮಾಡಿಸಿ, ಹಿಂದೆ ‘ಇದನ್ನು ಇವರಿಗೆ ಕೊಟ್ಟಿದ್ದೇನೆ’ ಎಂದು ಬರೆದು ಸಹಿ ಹಾಕಿದೆ. ನಾಲ್ಕು ಸಲ ಕರೆ ಮಾಡಿದೆ, ಸ್ವಿಚ್ ಆಫ್. ರವಿವಾರ ನಾಕಾಕ್ಕೂ ಹೋಗಿದ್ದೆ. ಆ ಗ್ಯಾಂಗು ಬೇರೆ ಸೈಟಿಗೆ ಹೋಯಿತು ಎಂದರು. ಠಾಣೆಯ ಹೆದರಿಕೆಗೆ ಸಿಮ್ಮನ್ನೇ ಎಸೆದಿರಬೇಕು. ಫೋನ್, ಝೆರಾಕ್ಸ್ ಎರಡೂ ನನ್ನ ಡ್ರಾಯರಿನಲ್ಲಿವೆ.

ಅಮ್ಮನಿಗೆ ಪದಗಳು ಹೋದ ಸುದ್ದಿ ಹೇಳಿದೆ. “ಅಷ್ಟ ಹೌದಲ್ಲೊ? ಈ ದೀಪಾವಳಿಗೆ ಬಾ, ಮತ್ತ ಹಾಡ್ತೀನಿ” ಅಂದಳು.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ಹಳೆಯ ಫೋನ್ ಕೊಳ್ಳುವ ಮೊದಲು *#06# ಒತ್ತಿ ಐಎಂಇಐ ನೋಡಿ, ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ 15 ಅಂಕಿ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಬೇಕು. ಬಟನ್ ಫೋನಿನಿಂದಲೂ ಆಗುತ್ತದೆ. ಫೋನ್ ತಡೆಪಟ್ಟಿಯಲ್ಲಿದ್ದರೆ ಉತ್ತರದಲ್ಲಿ ಗೊತ್ತಾಗುತ್ತದೆ. ಇದನ್ನು ಓದುತ್ತಿರುವ ನಿಮಗೆ ಇದು ಬೇಕಾಗಲಿಕ್ಕಿಲ್ಲ, ನೀವು ಬಿಲ್ಲು ತಗೊಂಡು ಡಬ್ಬಿ ಎತ್ತಿಡುವವರು. ನಿಮ್ಮ ಪಕ್ಕದ ಸೈಟಿನಲ್ಲಿ ಕನ್ನಡ ಕೇಳಿಸಿದರೆ ಅವರಿಗೆ ಹೇಳಿ. ಸಾಧ್ಯವಾದರೆ ಅವರೆದುರೇ ಒಂದು ಸಲ ಮಾಡಿ ತೋರಿಸಿ. ಅವರಲ್ಲಿ ಯಾರಾದರೂ ಯಾದಗಿರಿ ಕಡೆಯ ಗೌಂಡಿ, ಆಗಸ್ಟ್‌ನಲ್ಲಿ ಫೋನ್ ವಿಷಯಕ್ಕೆ ಠಾಣೆಗೆ ಹೋಗಿ ಬಂದವನು ಸಿಕ್ಕರೆ, ಹೆದರಬೇಡ ಅಂತ ಹೇಳಿ. ಅವನ ಫೋನ್ ನನ್ನ ಹತ್ತಿರ ಇದೆ.