ಪ್ಲೇಟು ಗೋಡೆಗಲ್ಲ, ಕಿವಿಗೆ

ಹಳೆಯ ಗ್ರಾಮಾಫೋನ್ ಪ್ಲೇಟುಗಳನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕುವ ಶೋಕಿ ನಮ್ಮ ಕೊಡಗಿಗೂ ಬಂದಿದೆ. ಹೋಂಸ್ಟೇಯ ಜಗಲಿಯಲ್ಲಿ ಅವು ಗಡಿಯಾರವಾಗಿವೆ. ಬಿಸಿ ಮಾಡಿ ಬಗ್ಗಿಸಿದ ಎಲ್‌ಪಿಗಳು ಹಣ್ಣಿನ ತಟ್ಟೆಯಾಗಿವೆ. ಉಳಿದವು ಗುಜರಿಗೆ. 'ಎಲ್ಲ ಫೋನಿನಲ್ಲೇ ಸಿಗುತ್ತದಲ್ಲ, ಇವನ್ನಿಟ್ಟುಕೊಂಡು ಏನು ಮಾಡುತ್ತೀರಿ?' ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಮೊದಲು ಕೇಳುತ್ತೇನೆ. ಇಡುವುದೋ ಕೊಡುವುದೋ ಆಮೇಲಿನ ಮಾತು.

ನಮ್ಮ ಮನೆಯ ಕಪಾಟಿನಲ್ಲಿರುವುದು 'ಮಾವನವರ ಪ್ಲೇಟುಗಳು'. ಹೆಸರು ಅವರದು, ಧೂಳು ಒರೆಸುವ ಕೆಲಸ ನನ್ನದು. ಎಷ್ಟು ಮನೆಗಳಲ್ಲಿ ಹೀಗಿಲ್ಲ ಹೇಳಿ? ಮುಳ್ಳು ಇಡುವುದು ಗಂಡಸರ ಕೈ, ಬಟ್ಟೆ ಹಿಡಿಯುವುದು ಹೆಂಗಸರ ಕೈ. ಆ ಕಪಾಟನ್ನು ಈ ತುದಿಯಿಂದ ಆ ತುದಿಯವರೆಗೆ, ಆರಿಸದೆ, ದಿನಕ್ಕೊಂದು ಪ್ಲೇಟಿನಂತೆ ಕೇಳಲು ನಾನು ಹೊರಟಾಗ ಮನೆಗೆ ಆಶ್ಚರ್ಯವಾಯಿತು. ಪ್ಲೇಟಿನ ಬಗ್ಗೆಯಲ್ಲ, ನಾನು ಸುಮ್ಮನೆ ಕುಳಿತದ್ದರ ಬಗ್ಗೆ.

ಹೆಂಗಸರಿಗೆ ಸಂಗೀತವೆಂದರೆ ಒಗ್ಗರಣೆಯ ಸದ್ದಿನ ಹಿಂದೆ ಹಾಡುವ ರೇಡಿಯೋ, ಈಗ ಫೋನು. ಅದು ಹಾಡುತ್ತಿರುತ್ತದೆ, ನಾವು ದುಡಿಯುತ್ತಿರುತ್ತೇವೆ. ಪ್ಲೇಟು ಹಾಗೆ ಬಿಡುವುದಿಲ್ಲ. 78 ಸುತ್ತಿನ ಪ್ಲೇಟಿನ ಒಂದು ಮಗ್ಗುಲು ಮುಗಿಯಲು ಮೂರು ಚಿಲ್ಲರೆ ನಿಮಿಷ, ಎಲ್‌ಪಿಯದು ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ. ಮುಗಿದೊಡನೆ ಎದ್ದು ತಿರುಗಿಸಬೇಕು. ಹಿಟ್ಟು ಮೆತ್ತಿದ ಕೈಯಲ್ಲಿ ಅದು ಆಗದ ಮಾತು. ಹತ್ತಿರ ಕೂರಲೇಬೇಕು. ಗಂಡಸು ಕೂತು ಕೇಳಿದರೆ ರಸಿಕ, ಹೆಂಗಸು ಕೂತು ಕೇಳಿದರೆ ಸೋಮಾರಿ. ನನ್ನ ಜಗಳ ಇರುವುದು ಈ ಮಾತಿನ ಜೊತೆಗೆ.

ಆ ಪ್ಲೇಟುಗಳಲ್ಲಿ ಹಾಡಿದವರು ಯಾರು? ಮರ್ಯಾದಸ್ಥರೆನಿಸಿಕೊಂಡ ಮನೆಗಳು ತಮ್ಮ ಹೆಣ್ಣುಮಕ್ಕಳ ದನಿಯನ್ನು ಬಾಗಿಲೊಳಗೇ ಇಟ್ಟುಕೊಂಡಿದ್ದ ಕಾಲದಲ್ಲಿ ಗ್ರಾಮಾಫೋನಿನ ಕೊಳವೆಗೆ ಧೈರ್ಯವಾಗಿ ಮುಖ ಕೊಟ್ಟವರು ಹಾಡುವ ಮನೆತನದ ಹೆಂಗಸರು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಪ್ಲೇಟು ಒತ್ತುತ್ತಿದ್ದುದು ಜರ್ಮನಿಯಲ್ಲಿ. ಹಾಡಿದ್ದು ಯಾರೆಂದು ಅಲ್ಲಿಯವರಿಗೆ ತಿಳಿಯಬೇಕಿತ್ತು. ಆಕೆ ತೀರಿಕೊಂಡದ್ದು 1930ರಲ್ಲಿ, ನಮ್ಮ ಮೈಸೂರಿನಲ್ಲಿ. ನಮ್ಮ ಗಂಗೂಬಾಯಿ ಹಾನಗಲ್ (1913–2009) ಅವರ ಗಂಡುದನಿಯನ್ನು ಕೇಳಿ ಬೆಳೆದವರು ಅವರ ಎಳೆಯ ಕಾಲದ ಪ್ಲೇಟು ಕೇಳಿದರೆ ಬೆಚ್ಚಿಬೀಳುತ್ತಾರೆ: ತೆಳುವಾದ, ಎತ್ತರದ ದನಿ. ಗಂಟಲಿನ ಕಾಯಿಲೆ ಆ ದನಿಯನ್ನು ಒಯ್ದಿತು. ಅದು ಉಳಿದಿರುವುದು ಪ್ಲೇಟಿನ ಗೆರೆಯಲ್ಲಿ.

ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಅಚ್ಚು ಹಾಕಿಸಿದ್ದರಿಂದ ಕೊಡವರ ಹಾಡುಗಳ ಪದ ಉಳಿಯಿತು. ಅದು ಸಣ್ಣ ಉಪಕಾರವಲ್ಲ. ಆದರೆ ಹಾಡಿದವರ ಉಸಿರು ಕಾಗದಕ್ಕೆ ಹತ್ತುವುದಿಲ್ಲ. ಉಸಿರು ಹತ್ತಿಸಿಕೊಂಡ ವಸ್ತುವೊಂದು ಮನೆಯಲ್ಲಿದ್ದೂ ಅದಕ್ಕೆ ಮೊಳೆ ಹೊಡೆಯುವುದೇ?

ಇನ್ನೊಂದು ಬಗೆಯವರೂ ಇದ್ದಾರೆ. ಪ್ಲೇಟಿನ ಬೆಲೆ, ಆಂಪ್ಲಿಫೈಯರಿನ ಬೆಲೆ, ಮುಳ್ಳಿನ ಬೆಲೆ ಹೇಳಿ, 'ಈ ನಾದ ಬೇರೆಲ್ಲೂ ಇಲ್ಲ' ಎಂದು ಕಣ್ಣು ಮುಚ್ಚುವ ಸಂಗ್ರಾಹಕರು. ಅವರ ಪಕ್ಷವೂ ನನ್ನದಲ್ಲ. ನಮ್ಮ 78ರ ಪ್ಲೇಟುಗಳು ಕರಕರ ಎನ್ನುತ್ತವೆ. ಕಪಾಟಿನ ಅರ್ಧಕ್ಕರ್ಧ ನನಗೆ ಬೇಸರ ತರಿಸಿತು. ಆದರೆ ಬೇಸರವನ್ನೂ ನಾನೇ ಕೇಳಿ ತೀರ್ಮಾನಿಸಿದೆ, ಇನ್ನೊಬ್ಬರು ಹೇಳಿದ್ದಕ್ಕಲ್ಲ. ಫೋನಿನಲ್ಲಿ ಎಲ್ಲವೂ ಇದೆಯೆನ್ನುವುದೂ ಸುಳ್ಳೇ. ಯಾರೋ ಒಬ್ಬರು ಪ್ಲೇಟಿನಿಂದ ಇಳಿಸಿ ಹಾಕಿದ್ದಷ್ಟೇ ಅಲ್ಲಿದೆ. ನಮ್ಮವುಗಳಲ್ಲಿ ಹಲವನ್ನು ಹುಡುಕಿದೆ, ಸಿಗಲಿಲ್ಲ.

ಕೊಡಗಿನ ಮಳೆಗೆ ಇವು ಉಳಿಯುವುದಿಲ್ಲವೆನ್ನುವುದು ಕೊನೆಯ ನೆಪ. ಕಕ್ಕಡದ ತಿಂಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಹಾಗೆಂದು ಬರಿಗಾಲಲ್ಲಿ ನಡೆಯುತ್ತೇವೆಯೇ? ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಬೂಷ್ಟು ಬಂದರೆ ನಡುವಿನ ಚೀಟಿ ನೆನೆಯದಂತೆ ತಣ್ಣೀರು, ಒಂದು ತೊಟ್ಟು ಮೆದು ಸೋಪು, ಮೆತ್ತನೆಯ ಬಟ್ಟೆ ಸಾಕು. ನೆರಳಲ್ಲಿ ಒಣಗಿಸಿ, ಒಲೆಯ ಹತ್ತಿರ ಬೇಡ. 78ರ ಪ್ಲೇಟಿಗೆ ಸ್ಪಿರಿಟ್ಟು ಸೋಕಿಸಲೇಬಾರದು. ಅದು ಅರಗು ಸೇರಿಸಿ ಮಾಡಿದ್ದು, ಸ್ಪಿರಿಟ್ಟಿಗೆ ಅರಗು ಕರಗುತ್ತದೆ. ಉಪ್ಪಿನಕಾಯಿಯ ಭರಣಿಯನ್ನು ವರ್ಷಗಟ್ಟಲೆ ಕಾಯುವ ನಮಗೆ ಇದು ದೊಡ್ಡ ವಿದ್ಯೆಯೇನಲ್ಲ.

ಆದ್ದರಿಂದ, ತಂಗಿಯರೇ, ನಿಮ್ಮ ಮನೆಯ ಪ್ಲೇಟಿಗೆ ಯಾರಾದರೂ ಬೆಲೆ ಕಟ್ಟಲು ಬಂದರೆ, ಮನೆಯವರು ತಲೆಯಾಡಿಸುವ ಮೊದಲು, 'ಇದನ್ನು ಕೇಳಿದ್ದೀರಾ?' ಎಂದು ವಿಚಾರಿಸಿ. ಇಲ್ಲವೆಂದರೆ ವ್ಯಾಪಾರ ಮುಂದೂಡಿ. ಸಂಜೆಯ ಇಪ್ಪತ್ತು ನಿಮಿಷ ನಿಮ್ಮದೆಂದು ಹೇಳಿ, ಕುರ್ಚಿ ಎಳೆದುಕೊಂಡು ಕುಳಿತುಕೊಳ್ಳಿ. ಮುಳ್ಳನ್ನು ನೀವೇ ಇಡಿ.